ಸುಗಂಧಾ ಹಿಡಿಸಿದ ಕಿಲುಬು

ನಮ್ಮ ಸದಲಗಾದಲ್ಲಿ ಹೆಸರಿಗೆ ತಕ್ಕಂತೆ ಮನುಷ್ಯ ಇರಬೇಕೆಂಬ ಕಾಯ್ದೆ ಏನೂ ಇಲ್ಲ. ನನ್ನ ಹೆಸರು ಬಾಹುಬಲಿ. ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿದರೆ ವಾರವಿಡೀ ಸೊಂಟ ಹಿಡಿದುಕೊಂಡು ಓಡಾಡುತ್ತೇನೆ. ಹಾಗೆಯೇ ಸುಗಂಧಾ ಎಂಬ ಹೆಣ್ಣುಮಗಳ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ಒಂದು ಕೈಯಿಂದ ದಾರಿ ತೋರಿಸಿ ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಾರೆ.

ಊರು ಮುಗಿದು ಕಬ್ಬಿನ ಹೊಲ ಶುರುವಾಗುವಲ್ಲಿ, ನಿಂತುಹೋದ ಒಂದು ಬೆಲ್ಲದ ಗಾಣದ ಪಕ್ಕ ಅವಳ ಮನೆ. ಮನೆ ಎಂದರೆ ಒಂದು ಕೋಣೆ, ಹಿಂದೆ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಅವಳು ಮಾಡುವ ಕೆಲಸ ಹೊಸ ತಾಮ್ರಕ್ಕೆ ಕಿಲುಬು ಹಿಡಿಸುವುದು. ತೆಗೆಯುವುದಲ್ಲ, ಹಿಡಿಸುವುದು. ಕೊಲ್ಹಾಪುರದ ವ್ಯಾಪಾರಿ ಸಂಗ್ರಾಮ ಹೊಸ ಹಂಡೆ, ತಂಬಿಗೆ, ಹಿಟ್ಟು ನಾದುವ ಅಗಲ ಪರಾತಗಳನ್ನು ಕಳಿಸುತ್ತಾನೆ. ನನ್ನ ಟೆಂಪೋದಲ್ಲೇ ಬರುತ್ತವೆ, ಕಣ್ಣು ಕುಕ್ಕುವಷ್ಟು ಹೊಳೆಯುತ್ತ. ಕೆಲವು ವಾರ ಬಿಟ್ಟು ಅವನ್ನೇ ನಾನು ವಾಪಸು ಒಯ್ಯುವಾಗ ಯಾರೋ ಹಳೆಯ ಬಾವಿಯ ಕೆಸರಿನಿಂದ ಎತ್ತಿ ತಂದಂತೆ ಹಸಿರು ಕಟ್ಟಿರುತ್ತವೆ. ಹೋಟೆಲಿನವರು, ಬಂಗಲೆಯವರು ಅದನ್ನು ಆಸೆಪಟ್ಟು ಕೊಳ್ಳುತ್ತಾರೆ. ನಮ್ಮ ಅಜ್ಜಿಯರು ಕಂಡಿದ್ದರೆ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು. ಸಂಗ್ರಾಮನ ಬಾಯಲ್ಲಿ ಅದಕ್ಕೆ ‘ಆ್ಯಂಟಿಕ್ ಮಾಲು’ ಎಂದು ಹೆಸರು.

ಕೆಲಸ ಕಣ್ಣಿಗೆ ಕಂಡಷ್ಟು ಸುಲಭವಲ್ಲ. ಮೊದಲು ಪಾತ್ರೆಯ ಮೇಲಿನ ಎಣ್ಣೆಯ ಪಸೆ ಪೂರ್ತಿ ಹೋಗಬೇಕು. ಬೆರಳಿನ ಗುರುತು ಒಂದು ಉಳಿದರೂ ಅಲ್ಲಿ ಹಸಿರು ಕೂರುವುದಿಲ್ಲ. ಆಮೇಲೆ ಉಪ್ಪು ಕಲಸಿದ ಹುಳಿ ಮಜ್ಜಿಗೆ ಸವರಿ, ಕಲಾಯಿಯವರು ಬಳಸುವ ನವಸಾಗರದ ನೀರು ಚಿಮುಕಿಸಿ, ಕುರಿಯ ಗಂಜಲದಲ್ಲಿ ನೆನೆಸಿದ ಕಟ್ಟಿಗೆ ಪುಡಿಯೊಳಗೆ ಹೂತು, ಮೇಲೆ ಗೋಣಿತಟ್ಟು ಮುಚ್ಚುತ್ತಾಳೆ. ಮೊದಲು ತಾಮ್ರ ಕಂದಾಗುತ್ತದೆ, ಆಮೇಲೆ ಕಪ್ಪಿಗೆ ತಿರುಗುತ್ತದೆ, ಕಡೆಗೆ ಹಸಿರು ಮೇಲೇಳುತ್ತದೆ. ಮಳೆಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ನಿಧಾನ. ಹಸಿರು ಕೂತಮೇಲೆ ಮೇಣ ಹಚ್ಚಿದರೆ ಅದು ಉದುರುವುದಿಲ್ಲ. ವಾಸನೆ ಮಾತ್ರ ಅವಳ ಸೀರೆಗೆ, ಕೂದಲಿಗೆ, ಉಣ್ಣುವ ರೊಟ್ಟಿಗೂ ಅಂಟಿಕೊಂಡಿತ್ತು.

ವಾಸನೆ ಒಂದು ನೆಪ ಅಷ್ಟೇ, ಜನ ಅವಳ ಮನೆಗೆ ಹೋಗದಿದ್ದುದಕ್ಕೆ ನಿಜವಾದ ಕಾರಣ ಬೇರೆ. ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಸುಗಂಧಾಳನ್ನು ಅಥಣಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮಗಳು ನೀಲಮ ಇನ್ನೂ ತೊದಲು ಮಾತಾಡುವ ಕೂಸು. ಒಂದು ಸಂಜೆ ಉಳಿದ ಮಜ್ಜಿಗೆಯನ್ನು ಸುಗಂಧಾ ಕಲಾಯಿ ಹೋದ ತಾಮ್ರದ ಪಾತೇಲಿಯಲ್ಲಿ ಹಾಕಿಟ್ಟು ಮಲಗಿದಳು. ಬೆಳಿಗ್ಗೆ ಅದನ್ನು ಕುಡಿದ ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡು ಮಲಗಿದರು. ಮಾವನನ್ನು ದವಾಖಾನೆಗೆ ಸೇರಿಸಬೇಕಾಯಿತು. ಯಾರೂ ಸಾಯಲಿಲ್ಲ. ಆದರೆ ಅವಳು ಆ ದಿನ ಉಪವಾಸವಿದ್ದಳು, ಮಜ್ಜಿಗೆ ಮುಟ್ಟಿರಲಿಲ್ಲ. ಅಷ್ಟು ಸಾಕಾಯಿತು. ಬೇಕೆಂದೇ ವಿಷ ಹಾಕಿದಳು ಎಂದು ಮಗುವನ್ನು ಕಸಿದುಕೊಂಡು ಅವಳನ್ನು ಹೊರಗೆ ಹಾಕಿದರು. ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಅವಳು ತವರಿಗೆ ಬಂದಳು, ಆ ಮಾತು ಅವಳಿಗಿಂತ ಮುಂಚೆ ಬಸ್ಸು ಹತ್ತಿ ಬಂದು ಊರು ಸೇರಿತ್ತು. ಅಣ್ಣನ ಹೆಂಡತಿ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಕೊನೆಗೆ ಈ ಗಾಣದ ಪಕ್ಕದ ಕೋಣೆಗೆ ಬಂದು ಬಿದ್ದಳು.

ಹುಳಿಗೂ ತಾಮ್ರಕ್ಕೂ ಆಗಿಬರುವುದಿಲ್ಲ ಎಂಬ ಪಾಠವನ್ನು ಅವಳು ಕಲಿತದ್ದು ಹೀಗೆ. ಮುಂದೆ ಸಂಗ್ರಾಮ ಇಂಥ ಕೆಲಸ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ಬಂದಾಗ ಬೇರೆ ಹೆಂಗಸರು ಕಿಲುಬು ಎಂದ ಕೂಡಲೇ ಬಾಗಿಲು ಹಾಕಿಕೊಂಡರು. ಸುಗಂಧಾ ಒಬ್ಬಳು ಹೂಂ ಅಂದಳು. ಹೇಗೂ ವಿಷದವಳು ಎಂಬ ಹೆಸರು ಬಂದಾಗಿತ್ತು.

ಆಮೇಲೆ ಕೇಳಬೇಕೆ? ವಿಷ ಹಾಕಿದವಳು ವಿಷವನ್ನೇ ಬೆಳೆಯಲು ಕೂತಿದ್ದಾಳೆ ಎಂದರು. ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಅವಳ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಬಂದವರಿಗೆಂದು ಅವಳು ಕೊಂಡಿಟ್ಟಿದ್ದ ಸ್ಟೀಲ್ ಲೋಟಗಳ ಮೇಲಿನ ಅಂಗಡಿ ಚೀಟಿ ಹಾಗೇ ಇತ್ತು. ನಾನು ಚಹಾ ಕುಡಿಯುತ್ತಿದ್ದೆ. ನನ್ನ ಹೆಂಡತಿಗೆ ಅದು ಗೊತ್ತಿರಲಿಲ್ಲ, ಈಗ ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ. ಕೆಲಸ ಮಾಡುವಾಗ ಸುಗಂಧಾ ಮೊಬೈಲಿನಲ್ಲಿ ಯಾವುದೋ ಮರಾಠಿ ಧಾರಾವಾಹಿ ಹಚ್ಚಿಡುತ್ತಿದ್ದಳು. ನೋಡುತ್ತಿರಲಿಲ್ಲ. ಅದರಲ್ಲಿ ಅತ್ತೆ ಸೊಸೆ ಜಗಳಾಡುತ್ತಿದ್ದರೆ ಮನೆಯಲ್ಲಿ ಮಂದಿ ಇದ್ದಂತೆ ಆಗುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದಳು. ಮಗಳ ಸುದ್ದಿ ಮಾತ್ರ ಎಂದೂ ಎತ್ತುತ್ತಿರಲಿಲ್ಲ. ನೀಲಮಳ ಮದುವೆ ರಾಯಬಾಗ ಕಡೆ ಆಯಿತು ಎಂಬುದೂ ಅವಳಿಗೆ ತಿಳಿದದ್ದು ಮದುವೆ ಆದ ಎಷ್ಟೋ ದಿನದ ಮೇಲೆ, ಸಂತೆಯಲ್ಲಿ ಸಿಕ್ಕ ಯಾರದೋ ಬಾಯಿಂದ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಂಗ್ರಾಮ ದೊಡ್ಡದೊಂದು ಕೆಲಸ ತಂದ. ನಿಪ್ಪಾಣಿ ಹತ್ತಿರ ಹೆದ್ದಾರಿಯ ಮೇಲೆ ಹೊಸ ಹೋಟೆಲು, ಅದಕ್ಕೆ ಹಳೆಯ ಜಮೀನ್ದಾರರ ವಾಡೆಯ ವೇಷ. ಗೋಡೆಯ ತುಂಬ, ಬಾಗಿಲ ಎರಡೂ ಕಡೆ ಹಸಿರು ತಾಮ್ರ ಬೇಕಂತೆ. ಸುಗಂಧಾಳ ಶೆಡ್ಡು ತುಂಬಿಹೋಗಿ ಕೋಣೆಯಲ್ಲೂ ಪಾತ್ರೆ ಹರಡಿಕೊಂಡವು. ಅವಳ ಬೆರಳುಗಳು ನವಸಾಗರಕ್ಕೆ ಒಡೆದು ಹೋಗಿದ್ದವು. ಹಸಿರು ಮಾತ್ರ ಅಷ್ಟು ಚೆಂದ ಎಂದೂ ಬಂದಿರಲಿಲ್ಲ. ಮೇಣ ಹಚ್ಚುವುದೊಂದು ಬಾಕಿ ಇತ್ತು. ನಾಳೆ ಸಂಜೆ ಬಂದು ಒಯ್ಯಿ ಎಂದು ನನಗೆ ಹೇಳಿಕಳಿಸಿದ್ದಳು.

ಅದೇ ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಟೆಂಪೋದ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಬಗಲಲ್ಲಿ ಒಂದು ಚೀಲ. ಸುಗಂಧಾ ಅವರ ಮನೆ ಎಲ್ಲಿ ಎಂದು ಕೇಳಿದಳು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದೇ ಹಣೆ, ಅದೇ ಗದ್ದ. ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ತಂದೆ ತೀರಿಕೊಂಡನೆಂದೂ, ಅವನು ಇರುವವರೆಗೆ ಇತ್ತ ತಲೆ ಹಾಕಲು ಬಿಡಲಿಲ್ಲವೆಂದೂ ಹೇಳಿದಳು. ಆಮೇಲೆ ಗಾಣ ಬರುವವರೆಗೂ ಚೀಲದ ಹಿಡಿಕೆ ತಿರುಚುತ್ತ ಕೂತಿದ್ದಳು. ಇಳಿಯುವ ಮುನ್ನ ಒಂದೇ ಒಂದು ಮಾತು ಕೇಳಿದಳು.

“ಅಣ್ಣಾ, ನಮ್ಮವ್ವ ವಿಷಾ ಹಾಕಿದ್ದು ಖರೇ ಏನ್ರಿ?”

ಅವಳು ಅಷ್ಟು ದೂರ ಬಂದದ್ದು ಅದಕ್ಕೇ. ಮಾತು ಕಲಿತ ದಿನದಿಂದ ಅದನ್ನು ಕೇಳಿಕೊಂಡೇ ಬೆಳೆದಿದ್ದಳು. ಇಲ್ಲ ತಂಗಿ ಎಂದೆ. ನಾನು ಹೇಳಿದರೆ ಏನಾಯಿತು, ಆಕೆ ನಂಬಬೇಕಲ್ಲ.

ಬಾಗಿಲಲ್ಲಿ ನಿಂತವಳನ್ನು ಸುಗಂಧಾ ನೋಡಿದಳು. ಕೈಯಲ್ಲಿದ್ದ ಪರಾತ ಕೆಳಗಿಟ್ಟಳು. ಕೈ ನಾರುತ್ತದೆ ಎಂದು ಮುಟ್ಟಲೂ ಹೆದರಿ ಸೀರೆಗೆ ಒರೆಸಿಕೊಳ್ಳುತ್ತಲೇ ನಿಂತಳು. ನಾನು ಅಲ್ಲಿ ನಿಲ್ಲಬಾರದೆಂದು ಗಾಡಿ ತಿರುಗಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಸುಗಂಧಾ ಚಿಕ್ಕೋಡಿ ಬಸ್ಸು ಹತ್ತಿದ್ದು ಕಂಡೆ. ಮಗಳು ಮೊದಲ ಸಲ ಬಂದಿದ್ದಾಳೆ, ಉಡಿ ತುಂಬದೆ ಕಳಿಸಲು ಬರುತ್ತದೆಯೇ? ಸೀರೆ, ಕುಪ್ಪಸದ ಬಟ್ಟೆ, ಕೊಬ್ಬರಿ ತರಬೇಕು. ಮನೆಯಲ್ಲೇ ಇರು, ಏನೂ ಕೆಲಸ ಮಾಡಬೇಡ ಎಂದು ಮಗಳಿಗೆ ಹೇಳಿ ಬಂದಿದ್ದಳಂತೆ. ಅಷ್ಟು ನಗುನಗುತ್ತ ಬಸ್ಸು ಹತ್ತಿದ ಸುಗಂಧಾಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಧ್ಯಾಹ್ನ ಅವಳು ವಾಪಸು ಬಂದಾಗ ಮೇಣ ಹಚ್ಚಿದ ಕೂಡಲೇ ಮಾಲು ತುಂಬೋಣವೆಂದು ನಾನೇ ಟೆಂಪೋದಲ್ಲಿ ಕರೆದುಕೊಂಡು ಹೋದೆ.

ಅಂಗಳಕ್ಕೆ ಕಾಲಿಟ್ಟವರು ಇಬ್ಬರೂ ನಿಂತುಬಿಟ್ಟೆವು. ಅಂಗಳದ ತುಂಬ ತಾಮ್ರ ಹೊಳೆಯುತ್ತಿತ್ತು. ಹಂಡೆ, ತಂಬಿಗೆ, ಪರಾತ ಎಲ್ಲವೂ ಬಿಸಿಲಿಗೆ ಕೆಂಪಗೆ, ಅಂಗಡಿಯಿಂದ ಈಗಷ್ಟೇ ತಂದಂತೆ. ನಡುವೆ ಸೀರೆ ಎತ್ತಿಕಟ್ಟಿ ಕೂತ ನೀಲಮ, ಮೊಣಕೈವರೆಗೆ ಹುಣಸೆಹಣ್ಣಿನ ರಸ. ಕೊನೆಯ ಒಂದು ಹಂಡೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಬೇಸಾಯದ ಮನೆಯಲ್ಲಿ ಬೆಳೆದ ಹೆಣ್ಣುಮಗಳು. ಕಿಲುಬು ಹಿಡಿದ ಪಾತ್ರೆ ಕಂಡು ಸುಮ್ಮನೆ ಕೂರುವುದು ಅವಳ ಕೈಲಾಗದ ಮಾತು. ತಾಯಿಯ ಕೆಲಸ ಏನು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸುಗಂಧಾಳಂತೂ ಮಗಳ ಮುಂದೆ ಕಿಲುಬಿನ ಮಾತು ಎತ್ತಲು ಹೆದರಿ, ಪಾತ್ರೆ ಮಾರುತ್ತೇನೆ ಎಂದಷ್ಟೇ ಹೇಳಿ ಮುಗಿಸಿದ್ದಳಂತೆ.

ನಾನು ಬಾಯಿ ತೆರೆದೆ. ಸುಗಂಧಾ ನನ್ನ ತೋಳು ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನೆಟ್ಟವು.

ನೀಲಮ ತಲೆ ಎತ್ತಿ ತಾಯಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು ಇತ್ತು.

“ಅವ್ವಾ, ಈಗ ತಿಳೀತು ನನಗ,” ಎಂದಳು. “ನೀ ಏನೂ ವಿಷಾ ಹಾಕಿಲ್ಲ. ನಿನಗ ಭಾಂಡೆ ತಿಕ್ಕಾಕ ಬರೂದಿಲ್ಲ, ಅಷ್ಟ. ಮನ್ಯಾಗಿನ ಒಂದ ಭಾಂಡೇನೂ ನೆಟ್ಟಗಿಲ್ಲ. ಅವತ್ತೂ ಹಿಂಗ ಆಗಿರ್ಬೇಕು.”

ಸುಗಂಧಾ ಏನು ಹೇಳಬೇಕು? ನಾನೇ ಬೇಕೆಂದು ಕಿಲುಬು ಹಿಡಿಸುತ್ತೇನೆ, ಅದೇ ನನ್ನ ಹೊಟ್ಟೆಪಾಡು ಎನ್ನಬೇಕೆ? ಬೇಕೆಂದು ಎಂಬ ಆ ಮಾತಿಗೇ ಅವಳ ಸಂಸಾರ ಹೋಗಿತ್ತು. ಅವಳು ನನ್ನ ತೋಳು ಬಿಟ್ಟು ಮಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು.

“ಹೌದವಾ,” ಎಂದಳು. “ಮೊದಲಿಂದ ನನಗ ಆಲಸ್ಯ ಭಾಳ.”

ಆಲಸ್ಯವಂತೆ, ಆಕೆಗೆ. ಒಡೆದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಳು. ನಾನು ಖಾಲಿ ಟೆಂಪೋ ಹತ್ತಿ, ದಾರಿಯಲ್ಲಿ ಯಾರೋ ಒಬ್ಬ ಅಡ್ಡ ಬಂದನೆಂದು ಬಾಯಿಗೆ ಬಂದಂತೆ ಬೈದೆ. ಪಾಪ, ಅವನದು ಏನೂ ತಪ್ಪಿರಲಿಲ್ಲ.

ಸಂಗ್ರಾಮ ಫೋನಿನಲ್ಲಿ ಕೂಗಾಡಿದ್ದು ಗಾಣದ ಆಚೆಗೂ ಕೇಳಿರಬೇಕು. ನೀಲಮ ಉಡಿ ತುಂಬಿಸಿಕೊಂಡು ರಾಯಬಾಗಕ್ಕೆ ಹೋದಮೇಲೆ ಸುಗಂಧಾ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದಳು. ಮಳೆ ಹಿಂದಾಗಿತ್ತು, ಹಸಿರು ಬೇಗ ಏಳಲಿಲ್ಲ. ಹೋಟೆಲಿನವರ ಕಟ್ಟಡವೂ ತಡವಾದ್ದರಿಂದ ಹೇಗೋ ಮಾಲು ಹೋಯಿತು. ಸಂಗ್ರಾಮ ಮಾತ್ರ ಆಮೇಲೆ ಕೆಲಸ ಕಡಿಮೆ ಮಾಡಿದ.

ಹೋಗುವಾಗ ನೀಲಮ ಹೇಳಿ ಹೋಗಿದ್ದಳು, ಪ್ರತಿ ಅಮಾವಾಸ್ಯೆಯ ಮುಂದೆ ಬಂದು ಭಾಂಡೆ ತಿಕ್ಕಿಕೊಟ್ಟು ಹೋಗುತ್ತೇನೆ ಎಂದು. ಸುಗಂಧಾ ಆ ಮಾತನ್ನು ಹಿಡಿದುಕೊಂಡು ಕೂತಳು. ಆದರೆ ಮಗಳು ತಿಕ್ಕುವಂಥ ಸ್ವಂತ ಭಾಂಡೆ ಮನೆಯಲ್ಲಿ ಎಲ್ಲಿದ್ದವು? ಸುಗಂಧಾ ಕುಡಿಯುವುದು ಪ್ಲಾಸ್ಟಿಕ್ ಕೊಡದ ನೀರು, ಉಣ್ಣುವುದು ಸ್ಟೀಲ್ ತಾಟಿನಲ್ಲಿ. ಆ ಮಜ್ಜಿಗೆಯ ದಿನದಿಂದ ತಾಮ್ರವನ್ನು ತನ್ನ ಅಡಿಗೆಗೆ ಸೇರಿಸಿಯೇ ಇರಲಿಲ್ಲ. ಹಾಗಾಗಿ ಸಂಗ್ರಾಮನಿಂದ ಒಂದು ಹಂಡೆ, ಎರಡು ತಂಬಿಗೆ, ಒಂದು ಪರಾತ ತನ್ನ ಪಾಲಿಗೆ ಕೊಂಡಳು. ಅಮಾವಾಸ್ಯೆ ಹತ್ತಿರ ಬಂದಂತೆ ಅವಕ್ಕೆ ಕಿಲುಬು ಹಿಡಿಸಿ ಒಲೆಯ ಮೇಲಿನ ಹಲಗೆಯಲ್ಲಿ ಜೋಡಿಸಿಡುತ್ತಿದ್ದಳು. ಮಗಳು ಬರುವ ದಿನ ಶೆಡ್ಡಿಗೆ ಬೀಗ.

ನೀಲಮ ಬರುತ್ತಿದ್ದಳು. ಬೆಳಗಿನ ಬಸ್ಸಿಗೆ ಬಂದು, ಬೈಯುತ್ತ, ತಿಕ್ಕಿ, ತಾಯಿಯ ಕೈರೊಟ್ಟಿ ಉಂಡು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಎಷ್ಟು ಹೇಳಿದರೂ ನಿನಗೆ ಬುದ್ಧಿ ಬರುವುದಿಲ್ಲ ಎಂದು ಅವಳು ಗದರುವುದು ರಸ್ತೆಗೆ ಕೇಳುತ್ತಿತ್ತು. ಸುಗಂಧಾ ಆ ಬೈಗುಳವನ್ನು ಮಿಠಾಯಿ ತಿಂದಂತೆ ತಿನ್ನುತ್ತಿದ್ದಳು. ಮಗಳು ಹೋದಮೇಲೆ ಮತ್ತೆ ಮನೆಯಲ್ಲಿ ಮೊಬೈಲಿನ ಅತ್ತೆ ಸೊಸೆ. ಮಾಲು ಇಲ್ಲದ ದಿನವೂ ನಾನು ಒಂದೊಂದು ಸಲ ಆ ಕಡೆ ಹೋಗುತ್ತಿದ್ದೆ. ಹಲಗೆಯ ಮೇಲಿನ ಆ ಹೊಳೆಯುವ ಹಂಡೆಯ ಮುಂದೆ ಅವಳು ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ಮತ್ತೆ ಕೆಡಿಸಲು ಮನಸ್ಸು ಬರುವುದಿಲ್ಲ, ಕೆಡಿಸದಿದ್ದರೆ ಮಗಳು ಬರುವುದಿಲ್ಲ ಎಂದು ಒಮ್ಮೆ ಅಂದಳು. ಯಾರಾದರೂ ಹೀಗೆ ಬದುಕಬೇಕೆ ಎಂದು ನನಗೆ ಸಂಕಟವಾಯಿತು. ಮಗಳಿಗೆ ನಿಜ ಹೇಳಿಬಿಡು ಎಂದೆ. ಬೇಡ ಎಂದು ತಲೆ ಅಲ್ಲಾಡಿಸಿದಳು.

ಈ ಸಲ ಯುಗಾದಿ ಅಮಾವಾಸ್ಯೆಗೆ ಬಂದ ನೀಲಮ ಒಂದು ಮಾತೂ ಬೈಯಲಿಲ್ಲವಂತೆ. ಸುಮ್ಮನೆ ತಿಕ್ಕಿದಳಂತೆ. ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಕರೆದುಕೊಂಡು ಹೊರಟೆ. ಗಾಣ ಹಿಂದಾಗುತ್ತಲೇ ಅವಳು ಮಾತು ತೆಗೆದಳು. ಗಂಡನ ಜೊತೆ ಕೊಲ್ಹಾಪುರಕ್ಕೆ ದೇವಿಯ ದರ್ಶನಕ್ಕೆ ಹೋಗುವಾಗ ನಿಪ್ಪಾಣಿ ಹತ್ತಿರ ಒಂದು ಹೋಟೆಲಿನಲ್ಲಿ ಚಹಾಕ್ಕೆ ಇಳಿದಿದ್ದರಂತೆ. ಗೋಡೆಯ ತುಂಬ ಕಿಲುಬಿನ ಭಾಂಡೆ. ಇದೇನು ಇಷ್ಟು ದೊಡ್ಡ ಹೋಟೆಲು, ತಿಕ್ಕುವವರು ಗತಿಯಿಲ್ಲವೇ ಎಂದು ಇವಳು ಕೇಳಿದ್ದಕ್ಕೆ ಮಾಣಿ ನಕ್ಕು, ಇದನ್ನು ಬೇಕೆಂದೇ ಹಿಡಿಸುತ್ತಾರೆ, ಸದಲಗಾದಲ್ಲಿ ಒಬ್ಬಾಕೆ ಇದ್ದಾಳೆ ಎಂದನಂತೆ.

ನಾನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಇನ್ನು ಈಕೆ ಬರುವುದಿಲ್ಲ, ಸುಗಂಧಾಳ ಕಥೆ ಮುಗಿಯಿತು ಎನಿಸಿತು.

“ಮೊದಲ ಅಂಜಿಕಿ ಬಂತು ಅಣ್ಣಾ,” ಎಂದಳು ನೀಲಮ. “ಬೇಕಂತ ಹಿಡಸ್ತಾಳಂದ್ರ ಅವತ್ತೂ ಬೇಕಂತ ಮಾಡಿರ್ಬೇಕು ಅನಿಸ್ತು. ಆಮ್ಯಾಲ ಅಂಗಳದಾಗ ಕುಂತು ನಾ ತಿಕ್ಕಿದ್ದು ನೆನಪಾತು. ಆಕಿ ದುಡದದ್ದೆಲ್ಲಾ ನಾ ತೊಳದ ಹಾಕೀನಿ. ನನಗ ಒಂದ ಮಾತ ಅಂದಿಲ್ಲ. ಅಂಥಾಕಿ ಯಾರಿಗರ ವಿಷಾ ಹಾಕ್ತಾಳೇನ್ರಿ?”

ಮತ್ತೆ ಇವತ್ತು ಯಾಕೆ ತಿಕ್ಕಿದೆ ತಂಗಿ, ಗೊತ್ತಾಗಿದೆ ಎಂದು ಹೇಳಿ ಇಬ್ಬರೂ ಕೂತು ಮಾತಾಡಬಹುದಿತ್ತಲ್ಲ ಎಂದೆ.

ಅವಳು ಕಿಟಕಿಯಾಚೆ ನೋಡಿದಳು. ಗಂಡನ ಮನೆಗೂ ಆ ವಿಷದ ಮಾತು ಹೋಗಿ ತಲುಪಿತ್ತು. ಅಂಥ ತಾಯಿಯ ಹತ್ತಿರ ಏನು ಕೆಲಸ ಎಂದು ಅತ್ತೆ ಕೇಳುತ್ತಾಳೆ. ಕೈಲಾಗದ ಮುದುಕಿ, ಭಾಂಡೆ ಕಿಲುಬು ಹಿಡಿದಾವ, ತಿಕ್ಕಿ ಬರ್ತೀನಿ ಎಂದರೆ ಅತ್ತೆ ಗೊಣಗಿಕೊಂಡಾದರೂ ಬಿಡುತ್ತಾಳೆ. ಭಾಂಡೆಯ ಹೆಸರಿಗೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ.

“ಗೊತ್ತಾಗೇತಿ ಅಂದ್ರ ಆಕಿ ನಾಚಿ ಹಿಡಸೂದ ಬಿಡ್ತಾಳ,” ಎಂದಳು. “ಆಮ್ಯಾಲ ಏನ್ ಹೇಳಿ ಬರ್ಲಿ ನಾ?”

ಬಸ್ಸು ಬಂತು, ಹತ್ತಿ ಹೋದಳು. ನಾನು ಮನೆಗೆ ಹೋಗಬೇಕಾಗಿತ್ತು, ಗಾಡಿ ತಾನಾಗಿ ಗಾಣದ ಕಡೆ ತಿರುಗಿತು. ಸುಗಂಧಾ ಬಾಗಿಲಲ್ಲೇ ಕಾಯುತ್ತಿದ್ದಳು. ಮಗಳು ಬೈಯದೆ ಹೋದದ್ದು ಅವಳ ಎದೆಯಲ್ಲಿ ಕೂತಿತ್ತು.

“ಬಾಹುಬಲಿ, ಆಕೀಗಿ ಏನರ ಗೊತ್ತಾತೇನು?”

“ಇಲ್ಲ,” ಎಂದೆ. “ಮೈಯಾಗ ನೆಟ್ಟಗಿರಲಿಲ್ಲಂತ. ಮುಂದಿನ ಅಮಾಸಿಗೆ ಬರ್ತಾಳಂತ.”

ಅವಳು ಉಸಿರು ಬಿಟ್ಟು ಒಳಗೆ ಹೋದಳು. ನಾನು ಗಾಡಿ ತಿರುಗಿಸುವಷ್ಟರಲ್ಲಿ, ಮಗಳು ಆಗತಾನೆ ತಿಕ್ಕಿಟ್ಟ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದಕ್ಕೆ ಮಜ್ಜಿಗೆ ಸವರುತ್ತ ಕೂತಿದ್ದಳು.